ಚದರಡಿ ದರ ಕೇಳುವ ಮುನ್ನ ಟೇಪು ಹಿಡಿಯಿರಿ

ಗ್ರಾನೈಟ್ ಯಾರ್ಡಿಗೆ ಕಾಲಿಟ್ಟವರು ಮೊದಲು ಕೇಳುವುದು ಒಂದೇ ಮಾತು: "ಚದರಡಿ ಎಷ್ಟು?" ನಾವೂ ಅದನ್ನೇ ಕೇಳಿದೆವು. ಅಮ್ಮನ ಅಡುಗೆಮನೆಯ ಹಳೇ ಕಟ್ಟೆಯಲ್ಲಿ ಸಿಂಕಿನ ಮುಂದಿನ ಪಟ್ಟಿ ಬಿರುಕು ಬಿಟ್ಟಿತ್ತು. ಇಪ್ಪತ್ತು ವರ್ಷ ಅದರ ಮೇಲೇ ತೆಂಗಿನಕಾಯಿ ಒಡೆದಿದ್ದರ ಫಲ. ಹೊಸ ಕಲ್ಲು ಹಾಕಿಸೋಣವೆಂದು ಬೆಂಗಳೂರಿನ ಆಚೆ ಜಿಗಣಿಗೆ ಹೋದೆವು. ಸಾಲಾಗಿ ಒರಗಿಸಿಟ್ಟ ಸ್ಲ್ಯಾಬುಗಳಲ್ಲಿ ಅಮ್ಮ ಒಂದು ಕಪ್ಪು ಕಲ್ಲಿನ ಮೇಲೆ ಕೈಯಾಡಿಸಿ ನಿಂತರು. ಯಾರ್ಡಿನ ಹುಡುಗ 180 ರೂಪಾಯಿ ಎಂದ. ನಮ್ಮ ಕಟ್ಟೆ ಸುಮಾರು 31 ಚದರಡಿ. ಮನಸ್ಸಿನಲ್ಲೇ ಗುಣಿಸಿದೆ, 5,580 ರೂಪಾಯಿ. ಆರು ಸಾವಿರದೊಳಗೆ ಮುಗಿಯಿತು ಎಂದುಕೊಂಡೆ. ಕೆಲಸ ಮುಗಿದ ದಿನ ಡೈರಿಯಲ್ಲಿದ್ದ ಮೊತ್ತ ಇಪ್ಪತ್ತು ಸಾವಿರ ದಾಟಿತ್ತು.

ಯಾರೂ ಮೋಸ ಮಾಡಿರಲಿಲ್ಲ. ನಾನು ಕಲ್ಲಿನ ದರ ಕೇಳಿದ್ದೆ, ಕಟ್ಟೆಯ ದರ ಕೇಳಿರಲಿಲ್ಲ, ಅಷ್ಟೆ. ಕಲ್ಲು ಕಟ್ಟೆಯಾಗುವ ಹೊತ್ತಿಗೆ ಅದನ್ನು ಕತ್ತರಿಸಬೇಕು, ಸಾಗಿಸಬೇಕು, ಅಂಚು ಉಜ್ಜಬೇಕು, ಸಿಂಕಿಗೆ ಕಿಂಡಿ ಕೊರೆಯಬೇಕು. ಇದೆಲ್ಲ ಎಷ್ಟಾಗುತ್ತದೆ ಎನ್ನುವುದು ಕಲ್ಲಿನ ಬಣ್ಣಕ್ಕಿಂತ ಹೆಚ್ಚಾಗಿ ನಿಮ್ಮ ಅಡುಗೆಮನೆಯ ಅಳತೆಯ ಮೇಲೆ ನಿಂತಿದೆ. ಹಾಗಾಗಿ ಯಾರ್ಡಿಗೆ ಹೋಗುವುದು ಎರಡನೇ ಕೆಲಸ. ಮೊದಲನೆಯದು ಮನೆಯಲ್ಲೇ ಇದೆ.

ನೆಲದ ಮೇಲೆ ಸೀಮೆಸುಣ್ಣದ ಗೆರೆ

ಕಟ್ಟೆಯ ಅಗಲ ಎರಡಡಿ ಎಂದು ಬಾಯಿಮಾತಿಗೆ ಹೇಳುತ್ತೇವೆ. ಕೆಳಗೆ ಮಾಡ್ಯುಲರ್ ಕ್ಯಾಬಿನೆಟ್ ಬರುವುದಾದರೆ ಅದು ಸಾಲದು. ಕ್ಯಾಬಿನೆಟ್ಟಿನ ಆಳ ಸಾಮಾನ್ಯವಾಗಿ 600 ಮಿ.ಮೀ. ಅದರ ಬಾಗಿಲಿಗಿಂತ ಕಲ್ಲು ಸ್ವಲ್ಪ ಮುಂದೆ ಚಾಚಿರಬೇಕು, ಇಲ್ಲದಿದ್ದರೆ ಕಟ್ಟೆ ಒರೆಸಿದ ನೀರೆಲ್ಲ ಪ್ಲೈವುಡ್ಡಿನ ಮೇಲೆ ಇಳಿಯುತ್ತದೆ. ಹೀಗೆ 25 ಇಂಚು ಬೇಕಾಗುತ್ತದೆ. ಎರಡಡಿ ಅಗಲದ ಸ್ಲ್ಯಾಬು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಇಂಥ ಕಟ್ಟೆಗೆ ಉಪಯೋಗವಿಲ್ಲ.

ಯಾರ್ಡಿನಲ್ಲಿ ಸ್ಲ್ಯಾಬುಗಳು ಎರಡು ಬಗೆ. ಸಣ್ಣ ಬ್ಲಾಕಿನಿಂದ ಕೊಯ್ದ ಕಟರ್ ಸ್ಲ್ಯಾಬು ಎರಡರಿಂದ ಮೂರಡಿ ಅಗಲವಿರುತ್ತದೆ. ದೊಡ್ಡ ಬ್ಲಾಕಿನಿಂದ ಕೊಯ್ದ ಗ್ಯಾಂಗ್‌ಸಾ ಸ್ಲ್ಯಾಬು ಐದಾರಡಿ ಅಗಲ, ದರವೂ ಹೆಚ್ಚು. ನೇರವಾದ ಅಡುಗೆ ಕಟ್ಟೆಗೆ ಕಟರ್ ಸ್ಲ್ಯಾಬು ಸಾಕು. ನಡುವೆ ದ್ವೀಪದಂತೆ ನಿಲ್ಲುವ ಅಗಲವಾದ ಕೌಂಟರ್ ಮಾಡಿಸುವವರು ಮಾತ್ರ ದೊಡ್ಡದರ ಕಡೆ ನೋಡಬೇಕು. ಎರಡರಲ್ಲಿ ಯಾವುದಾದರೂ ಒಂದು ಮಾತು ನೆನಪಿರಲಿ: ನಿಮಗೆ ಬೇಕಾದಷ್ಟೇ ಕತ್ತರಿಸಿಕೊಡುವುದಿಲ್ಲ, ಇಡೀ ಸ್ಲ್ಯಾಬಿಗೇ ಬಿಲ್.

ನಮ್ಮದು ಎಲ್ ಆಕಾರದ ಕಟ್ಟೆ. ಒಂದು ಗೋಡೆ 10 ಅಡಿ, ಇನ್ನೊಂದು 7 ಅಡಿ. ಅಮ್ಮ ಮೆಚ್ಚಿದ ಸ್ಲ್ಯಾಬು ಉದ್ದ 8 ಅಡಿ 6 ಇಂಚು, ಅಗಲ 2 ಅಡಿ 6 ಇಂಚು. ಹತ್ತಡಿ ಗೋಡೆಗೆ ಎಂಟೂವರೆ ಅಡಿಯ ಕಲ್ಲು ಸಾಲದು, ಒಂದೂವರೆ ಅಡಿಯ ತುಂಡು ಸೇರಿಸಬೇಕು, ಜೋಡಣೆ ಒಲೆಯ ಪಕ್ಕದಲ್ಲೇ ಬರುತ್ತದೆ ಎಂದು ನಾನು ಕೊರಗುತ್ತಿದ್ದೆ. ಮೇಸ್ತ್ರಿ ಜೇಬಿನಿಂದ ಸೀಮೆಸುಣ್ಣ ತೆಗೆದು ನೆಲದ ಮೇಲೆ ಎರಡು ಗೆರೆ ಎಳೆದರು.

"ಸಾರ್, ಉದ್ದದ ಗೋಡೆಯನ್ನ ಮೂಲೆಗೆ ಓಡಿಸಬೇಡಿ. ಗಿಡ್ಡ ಗೋಡೆಯನ್ನ ಓಡಿಸಿ."

ಅಂದರೆ ಏಳಡಿಯ ಕಲ್ಲು ಮೂಲೆಯನ್ನು ತುಂಬಿಕೊಂಡು ನಿಲ್ಲುತ್ತದೆ. ಉದ್ದದ ಬದಿಗೆ ಆಗ ಬೇಕಾಗುವುದು ಹತ್ತಡಿಯಲ್ಲಿ 25 ಇಂಚು ಕಳೆದು 7 ಅಡಿ 11 ಇಂಚು ಮಾತ್ರ. ಎರಡೂ ಒಂದೊಂದೇ ಸ್ಲ್ಯಾಬಿನಲ್ಲಿ ಮುಗಿದವು. ಇಡೀ ಕಟ್ಟೆಗೆ ಒಂದೇ ಜೋಡಣೆ, ಅದೂ ಮೂಲೆಯಲ್ಲಿ. ಇನ್ನೊಂದು ಲಾಭವೂ ಇತ್ತು. 30 ಇಂಚು ಅಗಲದಲ್ಲಿ 25 ಇಂಚು ತೆಗೆದರೆ 5 ಇಂಚಿನ ಪಟ್ಟಿ ಉಳಿಯುತ್ತದೆ. ಎರಡು ಸ್ಲ್ಯಾಬಿನಿಂದ ಒಟ್ಟು 17 ಅಡಿ ಪಟ್ಟಿ. ನಮ್ಮ ಎರಡು ಗೋಡೆ ಸೇರಿ 17 ಅಡಿ. ಕಟ್ಟೆಯ ಹಿಂದೆ ನೀರು ಗೋಡೆಗೆ ಇಳಿಯದಂತೆ ನಿಲ್ಲಿಸುವ ನಾಲ್ಕಿಂಚಿನ ಸ್ಕರ್ಟಿಂಗಿಗೆ ಬೇರೆ ಕಲ್ಲೇ ಬೇಕಾಗಲಿಲ್ಲ.

ಇಂಥ ಲೆಕ್ಕ ಸ್ಲ್ಯಾಬು ಆರಿಸುವ ಮುಂಚೆ ಆಗಬೇಕು. ನಿಮ್ಮ ಕಟ್ಟೆಯನ್ನು ಹಾಳೆಯ ಮೇಲೆ ಬಿಡಿಸಿ. ಸಿಂಕ್ ಎಲ್ಲಿ, ಒಲೆ ಎಲ್ಲಿ, ಕಿಟಕಿ ಎಲ್ಲಿ ಎಂದು ಗುರುತು ಹಾಕಿ. ಜೋಡಣೆ ಸಿಂಕಿನ ಕಿಂಡಿಯ ನಡುವೆಯಾಗಲಿ ಒಲೆಯ ಕೆಳಗಾಗಲಿ ಬರಬಾರದು. ಗೋಡೆ ನೇರವಾಗಿದೆ ಎಂದು ನಂಬಬೇಡಿ. ಒಂದೇ ಗೋಡೆಯನ್ನು ಮೂರು ಕಡೆ ಅಳೆದರೆ ಅರ್ಧ ಇಂಚು ವ್ಯತ್ಯಾಸ ಸಿಕ್ಕೀತು. ಕ್ಯಾಬಿನೆಟ್ ಹಾಕಿಸುವವರು ಕತ್ತರಿಸುವ ಅಳತೆಯನ್ನು ಕ್ಯಾಬಿನೆಟ್ ಕೂತ ಮೇಲೆಯೇ ಕೊಡಬೇಕು. ಸಿಂಕನ್ನೂ, ಕಲ್ಲಿನ ಕಿಂಡಿಯಲ್ಲಿ ಕೂರುವ ಒಲೆಯಾದ ಹಾಬನ್ನೂ ಮೊದಲೇ ಕೊಂಡು ಮನೆಗೆ ತಂದಿರಬೇಕು.

ಬಿಲ್ಲನ್ನು ಬಿಡಿಸಿ ನೋಡಿದರೆ

ನಮ್ಮ ಡೈರಿಯ ಲೆಕ್ಕ ಇಲ್ಲಿದೆ. ದರಗಳು ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ನಿಮ್ಮೂರಿನ ದರ ತುಂಬಿಕೊಳ್ಳಿ, ಸಾಲುಗಳು ಮಾತ್ರ ಇವೇ ಇರುತ್ತವೆ.

ಎರಡು ಸ್ಲ್ಯಾಬು, 42.5 ಚದರಡಿ, 180 ರೂ.ನಂತೆ: 7,650
ಜಿಎಸ್‌ಟಿ ಶೇ 18: 1,377
ಸಾಗಣೆ, ಇಳಿಸುವ ಕೂಲಿ: 1,500
ಹಳೇ ಕಟ್ಟೆ ಒಡೆದು ಅವಶೇಷ ಸಾಗಿಸಲು: 3,000
ಕತ್ತರಿಸಿ ಕೂರಿಸುವ ಕೂಲಿ, 31 ಚದರಡಿ, 120 ರೂ.ನಂತೆ: 3,720
ಮುಂಭಾಗದ ಅಂಚಿನ ಮೋಲ್ಡಿಂಗ್, 13 ರನ್ನಿಂಗ್ ಅಡಿ, 80 ರೂ.ನಂತೆ: 1,040
ಸಿಂಕ್ ಮತ್ತು ಹಾಬ್ ಕಟಿಂಗ್, ತಲಾ 700: 1,400
ಸ್ಕರ್ಟಿಂಗ್ ಕೂಲಿ, 17 ರನ್ನಿಂಗ್ ಅಡಿ, 30 ರೂ.ನಂತೆ: 510
ಒಟ್ಟು: 20,197 ರೂಪಾಯಿ

ತೆರಿಗೆ ಸೇರಿಸಿದರೂ ಕಲ್ಲಿಗೆ ಹೋದದ್ದು 9,027, ಒಟ್ಟು ಖರ್ಚಿನ ಅರ್ಧಕ್ಕಿಂತ ಕಡಿಮೆ. ಇದರಿಂದ ಒಂದು ವಿಚಿತ್ರ ಗೊತ್ತಾಗುತ್ತದೆ. 180ರ ಬದಲು 300 ರೂಪಾಯಿಯ ಕಲ್ಲು ಕೊಂಡಿದ್ದರೆ ತೆರಿಗೆ ಸೇರಿ 6,018 ಹೆಚ್ಚಾಗುತ್ತಿತ್ತು. ಕಲ್ಲಿನ ದರ ಮೂರನೇ ಎರಡು ಪಾಲು ಏರಿದರೂ ಕಟ್ಟೆಯ ಖರ್ಚು ಏರುವುದು ಶೇ 30ರಷ್ಟೇ. ಹಾಗೆಯೇ 120 ರೂಪಾಯಿಯ ಕಲ್ಲಿಗೆ ಇಳಿದಿದ್ದರೆ ಉಳಿಯುತ್ತಿದ್ದದ್ದು ಮೂರು ಸಾವಿರ, ಒಟ್ಟಿನ ಶೇ 15. ಮೂವತ್ತು ವರ್ಷ ಕಣ್ಣೆದುರು ಇರುವ ಕಲ್ಲಿನಲ್ಲಿ ಆ ಮೂರು ಸಾವಿರ ಉಳಿಸಬೇಕೋ ಬೇಡವೋ ಎಂಬುದನ್ನು ಈ ಲೆಕ್ಕ ಎದುರಿಗಿಟ್ಟುಕೊಂಡು ತೀರ್ಮಾನಿಸಿ.

ಅಳತೆಯ ಚೀಟಿಯಲ್ಲಿ ಒಂದು ಕಡೆ ಕಣ್ಣಿಡಿ. 8 ಅಡಿ 6 ಇಂಚು ಎಂದರೆ 8.5 ಅಡಿ. ಚೀಟಿಯಲ್ಲಿ 8.6 ಎಂದು ಬರೆದು ಹಾಗೇ ಕ್ಯಾಲ್ಕುಲೇಟರಿಗೆ ಒತ್ತಿದರೆ ಲೆಕ್ಕ ತಪ್ಪುತ್ತದೆ. 8.6 ಗುಣಿಸು 2.6 ಎಂದರೆ 22.36, ನಿಜವಾದ ವಿಸ್ತೀರ್ಣ 21.25. ಸ್ಲ್ಯಾಬು ಒಂದಕ್ಕೆ ಒಂದು ಚದರಡಿಗಿಂತ ಹೆಚ್ಚು ಗಾಳಿಗೆ ಹಣ ಕೊಟ್ಟಂತೆ. ಸ್ಲ್ಯಾಬಿನ ಒಡೆದ ಮೂಲೆ, ಓರೆಯಾದ ಅಂಚು ಬಿಟ್ಟು ಒಳಗಿನ ನೇರ ಭಾಗವನ್ನಷ್ಟೇ ಅಳೆಯಲು ಹೇಳಿ.

ಲೆಕ್ಕಕ್ಕೆ ಸಿಗದ ಖರ್ಚಿಗೆ ಒಟ್ಟಿನ ಶೇ 10ರಿಂದ 15 ಎತ್ತಿಡಿ. ಹಳೇ ಕಟ್ಟೆ ಒಡೆದಾಗಲೇ ಗೋಡೆಯೊಳಗಿನ ತುಕ್ಕು ಹಿಡಿದ ಪೈಪು ಕಾಣಿಸುವುದು. ಕಲ್ಲು ಕೂತ ಮೇಲೆ ಅದನ್ನು ಬದಲಿಸಲಾಗದು. ಅಪಾರ್ಟ್‌ಮೆಂಟಿನಲ್ಲಿದ್ದರೆ ಕೆಲಸದ ಸಮಯ, ಲಿಫ್ಟಿನ ನಿಯಮ ಎರಡನ್ನೂ ಕೇಳಿಕೊಳ್ಳಿ. 20 ಮಿ.ಮೀ. ಗ್ರಾನೈಟ್ ಚದರಡಿಗೆ ಸುಮಾರು 5 ಕೆ.ಜಿ. ತೂಗುತ್ತದೆ. ನಮ್ಮ ಒಂದೊಂದು ಸ್ಲ್ಯಾಬು ಒಂದು ಕ್ವಿಂಟಲ್. ಮೂರನೇ ಮಹಡಿಗೆ ಮೆಟ್ಟಿಲ ಮೇಲೆ ಹೊತ್ತರೆ ಕೂಲಿ ಬೇರೆಯೇ.

ಯಾವ ಕಲ್ಲು, ಎಂಥ ಅಡುಗೆಗೆ

ರುಬ್ಬುವ ಕಲ್ಲು, ಬೀಸುವ ಕಲ್ಲು, ಅರೆಯುವ ಕಲ್ಲು ಬಳಸಿ ಬದುಕಿದ ನಾಡು ನಮ್ಮದು. ಗ್ರಾನೈಟ್ ಅಡುಗೆಮನೆಗೆ ಹೊಸತಲ್ಲ. ರಾಮನಗರದ ಬೆಟ್ಟಗಳ ಕಲ್ಲನ್ನು ಭೂವಿಜ್ಞಾನಿಗಳು ಆ ಊರಿನ ಹಳೇ ಹೆಸರಿನಿಂದ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಗೆ ಹೆಸರಾದಂತೆ ಕೆಂಪು ಕಲ್ಲಿಗೂ ಹೆಸರಾಗಿದೆ. ಚಾಮರಾಜನಗರದ ಕಪ್ಪು ಕಲ್ಲು ವಿದೇಶಕ್ಕೂ ಹೋಗುತ್ತದೆ. ಕಪ್ಪಿನಲ್ಲಿ ಚಿನ್ನದ ಚುಕ್ಕೆ ಮಿನುಗುವ ಗ್ಯಾಲಕ್ಸಿ ಆಂಧ್ರದ ಪ್ರಕಾಶಂ ಜಿಲ್ಲೆಯ ಚೀಮಕುರ್ತಿಯದು. ಕಂದು ಹರಳಿನ ಟ್ಯಾನ್ ಬ್ರೌನ್ ತೆಲಂಗಾಣದ ಕರೀಂನಗರದ ಕಡೆಯದು.

ವ್ಯಾಪಾರದ ಮಾತಿನಲ್ಲಿ ಇವೆಲ್ಲ ಗ್ರಾನೈಟೇ. ಭೂವಿಜ್ಞಾನ ಮಾತ್ರ ಚಾಮರಾಜನಗರದ ಕಪ್ಪನ್ನು ಡೋಲರೈಟ್ ಎನ್ನುತ್ತದೆ. ಹಳೇ ಬಂಡೆಯ ಬಿರುಕಿನೊಳಗೆ ಶಿಲಾರಸ ನುಗ್ಗಿ ಗಟ್ಟಿಯಾದದ್ದು ಅದು. ಹರಳು ಸಣ್ಣದು, ಕಣಗಳು ಒತ್ತಾಗಿ ಕೂತಿರುವುದರಿಂದ ಎಣ್ಣೆ, ಅರಿಶಿನ ಒಳಗೆ ಇಳಿಯುವುದು ಕಡಿಮೆ. ತಿಳಿ ಬಣ್ಣದ, ದಪ್ಪ ಹರಳಿನ ಕಲ್ಲುಗಳು ಹೆಚ್ಚು ಹೀರುತ್ತವೆ. ಅವುಗಳಿಗೆ ಸೀಲರ್ ಬಳಿಸಬೇಕು. ಬಳಿದ ಮೇಲೂ ಆಗಾಗ ನೀರು ಚಿಮುಕಿಸಿ ನೋಡಿ, ಹನಿ ನಿಲ್ಲದೆ ಇಂಗಿದರೆ ಮತ್ತೆ ಬಳಿಸುವ ಸಮಯ ಬಂತೆಂದು ತಿಳಿಯಿರಿ. ಕಪ್ಪಿಗೂ ಒಂದು ಕಾಟವಿದೆ. ಕೊಳವೆಬಾವಿಯ ಗಡಸು ನೀರು ನಲ್ಲಿಯ ಸುತ್ತ ಬಿಳಿ ಸುಣ್ಣದ ಕಲೆ ಬಿಡುತ್ತದೆ, ಹೊಳಪಿನ ಕಪ್ಪಿನ ಮೇಲೆ ಅದು ಎದ್ದು ಕಾಣುತ್ತದೆ. ಮದ್ದು ಒಂದೇ, ಮಲಗುವ ಮುಂಚೆ ಒಣಬಟ್ಟೆಯಲ್ಲಿ ಒರೆಸುವುದು.

ಅಮೃತಶಿಲೆಯ ಮೋಹ ಬೇರೆ. ಅದು ಸುಣ್ಣದ ಜಾತಿಯ ಕಲ್ಲು. ಮೋಸ್ ಗಟ್ಟಿತನದ ಮಾಪಕದಲ್ಲಿ 3. ಚಾಕು ಐದೂವರೆಯ ಸುತ್ತಮುತ್ತ, ಗ್ರಾನೈಟಿನ ಹರಳುಗಳು 6ರಿಂದ 7. ಅಂದರೆ ಚಾಕು ಅಮೃತಶಿಲೆಯನ್ನು ಗೀರುತ್ತದೆ, ಗ್ರಾನೈಟಿನ ಮೇಲೆ ತಾನೇ ಮೊಂಡಾಗುತ್ತದೆ. ಗೀರಿಗಿಂತ ದೊಡ್ಡ ಶತ್ರು ಹುಳಿ. ಸಾರಿಗೆ ಹುಣಸೆ ಕಿವುಚುವಾಗ, ಚಿತ್ರಾನ್ನಕ್ಕೆ ನಿಂಬೆ ಹಿಂಡುವಾಗ ಬಿದ್ದ ಹನಿ ಅದರ ಹೊಳಪನ್ನು ತಿಂದು ಮಬ್ಬು ಕಲೆ ಬಿಡುತ್ತದೆ. ಸೀಲರ್ ಇದನ್ನು ತಡೆಯದು. ಅಮೃತಶಿಲೆಗೆ ದೇವರಮನೆಯೇ ಸರಿಯಾದ ಜಾಗ. ಕಡಪ ಕಲ್ಲೂ ಸುಣ್ಣದ ಜಾತಿಯದೇ. ಕಟ್ಟೆಯ ಮೇಲ್ಮೈಗೆ ಒಗ್ಗದಿದ್ದರೂ ಅಗ್ಗ, ಗಟ್ಟಿ. ಕಟ್ಟೆಯ ಕೆಳಗಿನ ಅಡ್ಡ ಹಲಗೆಗೆ, ಪಾತ್ರೆ ಗೂಡಿಗೆ ಅದಕ್ಕಿಂತ ಒಳ್ಳೆಯ ಕಲ್ಲಿಲ್ಲ.

ಈಗ ಎಲ್ಲರೂ ಕೇಳುವ ಕ್ವಾರ್ಟ್ಜ್ ಬಂಡೆಯಿಂದ ಕೊಯ್ದದ್ದಲ್ಲ. ಶೇ 90ಕ್ಕೂ ಹೆಚ್ಚು ಕ್ವಾರ್ಟ್ಜ್ ಪುಡಿಗೆ ರಾಳ, ಬಣ್ಣ ಬೆರೆಸಿ ಒತ್ತಿ ಮಾಡಿದ ಹಲಗೆ. ಬಣ್ಣ ಇಡೀ ಸ್ಲ್ಯಾಬಿನಲ್ಲಿ ಒಂದೇ ಸಮ, ಕಲೆ ಹೀರುವುದಿಲ್ಲ, ಸೀಲರ್ ಬೇಡ. ಆದರೆ ಒಳಗಿರುವ ರಾಳ ಪ್ಲಾಸ್ಟಿಕ್ಕಿನ ಜಾತಿ, ಬಿಸಿಗೆ ತಡೆಯದು. ಒಗ್ಗರಣೆ ಸೌಟನ್ನೋ ಒಲೆಯಿಂದಿಳಿಸಿದ ಬಾಣಲೆಯನ್ನೋ ಕಟ್ಟೆಯ ಮೇಲೆ ನೇರ ಇಡುವ ರೂಢಿ ಇರುವ ಮನೆಗೆ ಗ್ರಾನೈಟೇ ಲೇಸು. ಬಿಸಿಲು ಬೀಳುವ ಯುಟಿಲಿಟಿಯಲ್ಲೂ ಕ್ವಾರ್ಟ್ಜ್ ಬೇಡ, ಬಿಳಿಯದು ಹಳದಿಗೆ ತಿರುಗುತ್ತದೆ.

ಯಾರ್ಡಿನಲ್ಲಿ ಕಲ್ಲಿನ ಪರೀಕ್ಷೆ

ಹೋಗುವಾಗ ಚೀಲದಲ್ಲಿ ಟೇಪು, ನೀರಿನ ಬಾಟಲಿ, ಬಿಳಿ ಬಟ್ಟೆ, ಉಗುರುಬಣ್ಣ ತೆಗೆಯುವ ದ್ರಾವಣ, ಒಂದು ನಾಣ್ಯ ಇರಲಿ. ಬೂದು ಬಣ್ಣದ ಕಲ್ಲಿಗೆ ಬಣ್ಣ ಬಳಿದು ಕಡುಗಪ್ಪೆಂದು ಮಾರುವುದುಂಟು. ಬಟ್ಟೆಗೆ ಅಸಿಟೋನ್ ಇರುವ ಆ ದ್ರಾವಣ ಹಾಕಿ ಉಜ್ಜಿ. ಬಟ್ಟೆ ಕಪ್ಪಾದರೆ ಮುಂದಿನ ಯಾರ್ಡಿಗೆ ಹೊರಡಿ. ಸ್ಲ್ಯಾಬಿನ ಮೇಲೆ ನೀರು ಚೆಲ್ಲಿ ಹತ್ತು ನಿಮಿಷ ಬಿಟ್ಟು ಒರೆಸಿ. ಕಲ್ಲು ಕಪ್ಪಿಟ್ಟರೆ ನೀರು ಹೀರಿದೆ ಎಂದರ್ಥ. ಇಡೀ ಕಲ್ಲು ಒಣಗಿದ ಮೇಲೂ ಒಂದು ಗೆರೆ ಮಾತ್ರ ಒದ್ದೆಯಾಗಿ ಉಳಿದರೆ ಅಲ್ಲಿ ಸೂಕ್ಷ್ಮ ಬಿರುಕಿದೆ. ನಾಣ್ಯದಿಂದ ತಟ್ಟುತ್ತಾ ಹೋಗಿ, ಒಳ್ಳೇ ಕಲ್ಲು ಗಣಗಣ ಎನ್ನುತ್ತದೆ, ಬಿರುಕಿರುವ ಕಡೆ ದನಿ ಬಿದ್ದುಹೋಗುತ್ತದೆ. ಹಿಂಬದಿಗೆ ಫೈಬರ್ ಬಲೆ ಅಂಟಿಸಿದ್ದರೆ ಏಕೆಂದು ಕೇಳಿ. ಒಡೆಯುವ ಸ್ವಭಾವದ ಕಲ್ಲಿಗೇ ಆ ಆಸರೆ.

ದಪ್ಪವನ್ನು ನಾಲ್ಕೂ ಬದಿಯಲ್ಲಿ ಅಳೆಯಿರಿ. ಇಪ್ಪತ್ತು ಮಿ.ಮೀ. ಎಂದು ಹೇಳಿದ್ದು ಹದಿನಾರೇ ಇರಬಹುದು, ಅಥವಾ ಒಂದು ತುದಿ ದಪ್ಪ ಇನ್ನೊಂದು ತೆಳು. ಬೇಕಾದಷ್ಟೂ ಸ್ಲ್ಯಾಬುಗಳನ್ನು ಒಂದೇ ಬ್ಲಾಕಿನಿಂದ, ಒಂದರ ಪಕ್ಕ ಒಂದು ಇರುವವನ್ನೇ ಆರಿಸಿ. ಆರಿಸಿದ ಮೇಲೆ ಹಿಂಬದಿಗೆ ನಿಮ್ಮ ಹೆಸರು ಬರೆದು ಫೋಟೊ ತೆಗೆದುಕೊಳ್ಳಿ. ಲಾರಿಯಿಂದ ಇಳಿಯುವುದು ಅದೇ ಕಲ್ಲೆಂದು ಆಮೇಲೆ ವಾದ ಮಾಡಬೇಕಾಗಿಲ್ಲ.

ಕೂರಿಸುವ ದಿನ

ಎತ್ತರದ ಮಾತು ಮೊದಲು. ಮೊಣಕೈ ಮಡಚಿ ನಿಂತಾಗ ಮೊಣಕೈಯಿಂದ ಸುಮಾರು ನಾಲ್ಕಿಂಚು ಕೆಳಗೆ ಕಟ್ಟೆ ಇದ್ದರೆ ಬೆನ್ನಿಗೆ ಸುಖ. ಕಟ್ಟೆಯ ಮೇಲೆ ಸ್ಟೌ ಇಡುವವರಿಗೆ ಅದರ ಎತ್ತರವೂ ಸೇರುತ್ತದೆ. ಹಳೇ ಕಲ್ಲನ್ನು ಒಡೆಯದೆ ಅದರ ಮೇಲೇ ಹೊಸದನ್ನು ಅಂಟಿಸಿದರೆ ಖರ್ಚು ಉಳಿಯುತ್ತದೆ ನಿಜ. ಆಗ ಕಟ್ಟೆ ಒಂದಿಂಚು ಏರುತ್ತದೆ, ಹಳೇ ಬಿರುಕು, ಹಳೇ ಪೈಪು ಅಡಿಯಲ್ಲೇ ಉಳಿಯುತ್ತವೆ. ಅಡಿಯ ಕಲ್ಲು ಅಲುಗಾಡದೆ ಮಟ್ಟವಾಗಿದ್ದರೆ ಮಾತ್ರ ಈ ದಾರಿ.

ಕಟ್ಟೆ ಒಡೆಯುವ ಜಾಗ ಬಹುಮಟ್ಟಿಗೆ ಒಂದೇ, ಸಿಂಕಿನ ಮುಂದೆ ಮತ್ತು ಹಿಂದೆ ಉಳಿಯುವ ಕಿರಿದಾದ ಪಟ್ಟಿ. ನಮ್ಮ ಹಳೇ ಕಟ್ಟೆಯಲ್ಲಿ ಅದು ಎರಡಿಂಚೂ ಇರಲಿಲ್ಲ. ಈ ಬಾರಿ ಮೂರಿಂಚು ಬಿಡಿಸಿದೆವು, ಕಿಂಡಿಯ ಮೂಲೆಗಳನ್ನು ಚೂಪಾಗಿ ಕೊರೆಯದೆ ದುಂಡಗೆ ಮಾಡಿಸಿದೆವು. ಚೂಪು ಮೂಲೆಯಿಂದಲೇ ಬಿರುಕು ಹೊರಡುವುದು. ಚಾಚಿದ ಅಂಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಗೀರು ಹಾಕಿಸಿ. ಅಂಚಿನಿಂದ ಇಳಿದ ನೀರು ಅಲ್ಲಿಗೇ ನಿಂತು ಕೆಳಗೆ ತೊಟ್ಟಿಕ್ಕುತ್ತದೆ, ಕ್ಯಾಬಿನೆಟ್ಟಿನ ಕಡೆ ಹರಿಯುವುದಿಲ್ಲ.

ಕೊನೆಯದಾಗಿ ಧೂಳು. ಒಣಗಲ್ಲಿಗೆ ಬ್ಲೇಡು ಹಿಡಿದಾಗ ಏಳುವ ಬಿಳಿ ಹೊಗೆಯಲ್ಲಿ ಸಿಲಿಕಾ ಇದೆ. ಅದು ಶ್ವಾಸಕೋಶದೊಳಗೆ ಕೂತು ಸಿಲಿಕೋಸಿಸ್ ತರುತ್ತದೆ, ಒಮ್ಮೆ ಬಂದರೆ ವಾಸಿಯಾಗದು. ಕ್ವಾರ್ಟ್ಜ್ ಹಲಗೆಯಲ್ಲಿ ಸಿಲಿಕಾ ಗ್ರಾನೈಟಿಗಿಂತ ಬಹಳ ಹೆಚ್ಚು. ಅದನ್ನು ಕೊಯ್ಯುವ ಕೆಲಸಗಾರರಿಗೆ ಈ ಕಾಯಿಲೆ ಬಂದದ್ದರಿಂದಲೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಹಲಗೆಯನ್ನು ನಿಷೇಧಿಸಿತು. ಆದಷ್ಟು ಕಟಿಂಗ್ ಯಾರ್ಡಿನಲ್ಲೇ, ನೀರು ಹರಿಸುವ ಯಂತ್ರದಲ್ಲೇ ಆಗಲಿ. ಮನೆಯಲ್ಲಿ ಮಾಡಲೇಬೇಕಾದರೆ ಬಯಲಿನಲ್ಲಿ, ಒಬ್ಬರು ಬ್ಲೇಡಿಗೆ ನೀರು ಬಿಡುತ್ತಾ, ಎಲ್ಲರಿಗೂ ಒಳ್ಳೆಯ ಮಾಸ್ಕ್ ಕೊಟ್ಟು ಮಾಡಿಸಿ. ಮಾಸ್ಕಿನ ದುಡ್ಡನ್ನು ನಿಮ್ಮ ಬಜೆಟ್ಟಿನಲ್ಲೇ ಬರೆದಿಡಿ, ಮೇಸ್ತ್ರಿಯ ಲೆಕ್ಕಕ್ಕೆ ತಳ್ಳಬೇಡಿ.

ಎಲ್ಲಿ ಉಳಿಸಬಹುದು

ಅಂಚಿನ ಅಲಂಕಾರದಲ್ಲಿ ಉಳಿಸಿ. ಎರಡು ಪಟ್ಟಿ ಅಂಟಿಸಿ ದಪ್ಪ ತೋರಿಸುವ ಮೋಲ್ಡಿಂಗಿಗಿಂತ ಅರ್ಧ ದುಂಡು ಮಾಡಿದ ಸಾದಾ ಅಂಚು ಅಗ್ಗ, ಒರೆಸಲೂ ಸುಲಭ. ಕಲ್ಲಿನ ಕೆಳಗೆ ಕೂರುವ ಸಿಂಕ್ ನೋಡಲು ಚೆಂದ, ಆದರೆ ಕಿಂಡಿಯ ಒಳ ಅಂಚಿಗೂ ಪಾಲಿಶ್ ಬೇಕು, ಕೂಲಿ ಹೆಚ್ಚು. ಯುಟಿಲಿಟಿಯ ಸಣ್ಣ ಕಟ್ಟೆಗೆ, ಕಿಟಕಿಯ ಹಾಸಿಗೆ ಯಾರ್ಡಿನ ಮೂಲೆಯಲ್ಲಿ ಬಿದ್ದಿರುವ ತುಂಡು ಕಲ್ಲುಗಳನ್ನು ಕೇಳಿ. ಕಲ್ಲಿನ ದಪ್ಪದಲ್ಲಿ, ಸಿಂಕಿನ ಕಟಿಂಗಿನಲ್ಲಿ, ಮೇಸ್ತ್ರಿಯ ಕೂಲಿಯಲ್ಲಿ ಮಾತ್ರ ಕೈ ಬಿಗಿ ಹಿಡಿಯಬೇಡಿ. ನಮ್ಮ ಮೇಸ್ತ್ರಿ ನೆಲದ ಮೇಲೆ ಎಳೆದ ಎರಡು ಗೆರೆ ನಮಗೆ ಒಂದು ಜೋಡಣೆಯನ್ನು ಉಳಿಸಿತು. ಅದು ಯಾವ ಬಿಲ್ಲಿನಲ್ಲೂ ಇಲ್ಲ.

ಕೆಲಸ ಮುಗಿದಾಗ ಒಂದೂವರೆ ಅಡಿಯ ಒಂದು ತುಂಡು ಉಳಿದಿತ್ತು. ಕೂಲಿಯವರು ಅವಶೇಷದ ಗಾಡಿಗೆ ಹಾಕಲು ಎತ್ತಿದ್ದರು. ಅಮ್ಮ ತಡೆದರು. "ಅದಕ್ಕೂ ದುಡ್ಡು ಕೊಟ್ಟಿದ್ದೀವಲ್ಲಪ್ಪಾ, ಇಲ್ಲೇ ಇಡು." ಅವರೆಂದದ್ದು ಲೆಕ್ಕದ ಮಾತೇ, ಚದರಡಿಗೆ 180 ರೂಪಾಯಿ ಅದಕ್ಕೂ ಹೋಗಿತ್ತು. ಈಗ ಅದು ಹಿತ್ತಲ ಬಾಗಿಲ ಪಕ್ಕ ನೆಲದ ಮೇಲಿದೆ. ಅಮ್ಮ ಕಾಯಿ ಒಡೆಯುವುದು ಅದರ ಮೇಲೆ.